ರೇಸ್ ಕುದುರೆಯಲ್ಲಿ ಪಾಲು: ಹಣ ಕೊಡುವ ಮುನ್ನ ಲಾಯದ ಲೆಕ್ಕ ಕೇಳಿ

“ಅಣ್ಣಾ, ಹತ್ತು ಜನ ಸೇರಿ ಒಂದು ರೇಸ್ ಕುದುರೆ ತಗೋತಾ ಇದ್ದೀವಿ. ಒಂದು ಪಾಲು ನಿಮ್ಮ ಹೆಸರಿಗೆ ಬರ್ಕೊಳ್ಳಲಾ?”

ಶಿವಾಜಿನಗರದ ರಸೆಲ್ ಮಾರುಕಟ್ಟೆಯಂಥ ಜಾಗದಲ್ಲಿ ಇಂಥ ಮಾತು ಬಂದರೆ ಅಚ್ಚರಿಪಡಬೇಕಿಲ್ಲ. ಬೆಳಿಗ್ಗೆ ಲೋಡು ಇಳಿಯುವಷ್ಟರಲ್ಲಿ ಲಕ್ಷಾಂತರ ರೂಪಾಯಿಯ ವ್ಯವಹಾರವನ್ನು ಬಾಯಿಮಾತಿನಲ್ಲೇ ಮುಗಿಸುವವರು ಇಲ್ಲಿದ್ದಾರೆ. ಚೀಟಿ, ಕೈಸಾಲ, ಪಾಲುದಾರಿಕೆ ಯಾವುದೂ ಇವರಿಗೆ ಹೊಸದಲ್ಲ. 1927ರಲ್ಲಿ ಕಟ್ಟಿ 1933ರಲ್ಲಿ ಉದ್ಘಾಟನೆಗೊಂಡ ಈ ಮಾರುಕಟ್ಟೆ ನಿಂತಿರುವುದು ದಂಡು ಪ್ರದೇಶದಲ್ಲಿ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದಾಗಲೇ ಅವರ ಕುದುರೆಗಳೂ ಬಂದವು, ಕುದುರೆಯ ಹುಚ್ಚೂ ಬಂತು. ರೇಸ್‌ಕೋರ್ಸ್ ರಸ್ತೆಯ ಬೆಂಗಳೂರು ಟರ್ಫ್ ಕ್ಲಬ್ ಹುಟ್ಟಿದ್ದು 1921ರಲ್ಲಿ. ಮಾರುಕಟ್ಟೆಯಿಂದ ಅಲ್ಲಿಗೆ ಆಟೋ ಹತ್ತಿದರೆ ಹೆಚ್ಚು ದೂರವಿಲ್ಲ.

ಬಾಜಿ ಕಟ್ಟುವುದು ಬೇರೆ, ಕುದುರೆಯ ಒಡೆತನ ಬೇರೆ. ಬಾಜಿಯೇ ಬೇಡ ಎನ್ನುವ ಎಷ್ಟೋ ಜನರಿಗೆ ಕುದುರೆಯ ಮಾಲೀಕರಾಗುವ ಆಸೆ ಇರುತ್ತದೆ. ಇಡೀ ಕುದುರೆ ಕೊಳ್ಳುವುದು ಸಿರಿವಂತರ ಕೆಲಸ ಎಂದು ಸುಮ್ಮನಿದ್ದವರಿಗೆ ಹತ್ತರಲ್ಲೊಂದು, ಇಪ್ಪತ್ತರಲ್ಲೊಂದು ಪಾಲು ಎಂದಾಗ ಅದು ಕೈಗೆಟಕುವಂತೆ ಕಾಣುತ್ತದೆ. ಈ ಲೇಖನ ಅಂಥವರಿಗಾಗಿ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಕೊಳ್ಳುತ್ತಿರುವುದು ಏನನ್ನು ಎಂಬುದು ಹಣ ಕೊಡುವ ಮೊದಲೇ ಗೊತ್ತಿರಬೇಕು.

ಐದು ಜನ ವ್ಯಾಪಾರಿಗಳು ಸೇರಿ ಒಂದು ಲೋಡು ಮಾವಿನಹಣ್ಣು ಹಿಡಿದರೆ ಎರಡು ಮೂರು ದಿನದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಮಾರಿದ್ದನ್ನು ಹಂಚಿಕೊಳ್ಳುತ್ತಾರೆ, ಕೊಳೆತದ್ದನ್ನು ಎಸೆಯುತ್ತಾರೆ, ನಷ್ಟವಾದರೂ ಅಲ್ಲಿಗೆ ಮುಗಿಯಿತು. ಕುದುರೆಯ ವಿಷಯದಲ್ಲಿ ಹಾಗಾಗುವುದಿಲ್ಲ. ಕೊಂಡ ದಿನದಿಂದಲೇ ಅದು ತಿನ್ನುತ್ತದೆ. ಓಡಿದರೂ ತಿನ್ನುತ್ತದೆ, ಕುಂಟುತ್ತಾ ನಿಂತರೂ ತಿನ್ನುತ್ತದೆ. ಪಾಲುದಾರರಲ್ಲಿ ಒಬ್ಬ ಕೈಕೊಟ್ಟರೆ ಅವನ ಪಾಲಿನ ಮೇವು ಉಳಿದವರ ತಲೆಗೆ ಬೀಳುತ್ತದೆ. ರೇಸ್ ಕುದುರೆಯಲ್ಲಿ ನಾವು ಕೊಳ್ಳುವ ಪಾಲು ಮೊದಲು ಖರ್ಚಿನ ಪಾಲು. ಗೆಲುವಿನ ಪಾಲು ಅದರ ಹಿಂದೆ ಬಂದರೆ ಬಂತು.

ಯಾವ ಬಗೆಯ ಪಾಲು?

‘ಪಾಲು’ ಎಂದು ಮಾರುವ ವಸ್ತು ಒಂದೇ ಬಗೆಯದಲ್ಲ, ಅದರಲ್ಲಿ ನಾಲ್ಕು ಬಗೆಗಳಿವೆ. ಟರ್ಫ್ ಕ್ಲಬ್ಬಿನ ದಾಖಲೆಯಲ್ಲಿ ನಿಮ್ಮ ಹೆಸರು ಕುದುರೆಯ ಮಾಲೀಕರಲ್ಲಿ ಒಬ್ಬರೆಂದು ನಮೂದಾಗುವುದು ಒಂದು ಬಗೆ. ಇದಕ್ಕೆ ಕ್ಲಬ್ಬಿನ ಒಪ್ಪಿಗೆ ಬೇಕು, ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ರೇಸಿನ ದಿನ ಮಾರುವ ಪುಸ್ತಕದಲ್ಲಿ ಕುದುರೆಯ ಹೆಸರಿನ ಜೊತೆ ಮಾಲೀಕರ ಹೆಸರು, ಜಾಕಿ ತೊಡುವ ಅಂಗಿಯ ಬಣ್ಣ, ಟ್ರೈನರ್ ಹೆಸರು ಅಚ್ಚಾಗುವುದು ಈ ದಾಖಲೆಯ ಆಧಾರದ ಮೇಲೆ. ನಾಲ್ಕು ಬಗೆಗಳಲ್ಲಿ ಇದೇ ಗಟ್ಟಿಯಾದದ್ದು.

ಎರಡನೆಯದು ಗುತ್ತಿಗೆ. ಕುದುರೆ ಸಾಕಿದ ಸ್ಟಡ್ ಫಾರ್ಮ್ ಅದನ್ನು ಮಾರದೆ, ಓಡುವಷ್ಟು ವರ್ಷಕ್ಕೆ ಮಾತ್ರ ಲೀಸಿಗೆ ಕೊಡುತ್ತದೆ. ಖರ್ಚು ನಿಮ್ಮದು, ಬಹುಮಾನದಲ್ಲಿ ಒಂದು ಭಾಗ ಅವರದು, ಓಟ ಮುಗಿದ ಮೇಲೆ ಕುದುರೆ ವಾಪಸ್. ಹೆಣ್ಣು ಕುದುರೆಯಾದರೆ ಇದರಲ್ಲಿ ದೊಡ್ಡ ವ್ಯತ್ಯಾಸವಿದೆ. ಒಳ್ಳೆಯ ತಳಿಯ ಹೆಣ್ಣು ಕುದುರೆಗೆ ಓಟ ನಿಂತ ಮೇಲೂ ಮರಿಯ ಲೆಕ್ಕದಲ್ಲಿ ಬೆಲೆ ಇರುತ್ತದೆ. ಲೀಸಿನಲ್ಲಿ ಆ ಬೆಲೆ ನಿಮ್ಮ ಕೈ ಸೇರುವುದಿಲ್ಲ. ಪೂರ್ತಿ ಕೊಂಡ ಕುದುರೆಯಲ್ಲೂ, ಮುಂದೆ ಗೆದ್ದ ಹಣದಲ್ಲಿ ಇಂತಿಷ್ಟು ಭಾಗ ತನಗೆ ಬರಬೇಕೆಂದು ಮಾರಿದವನು ಷರತ್ತು ಹಾಕಿರಬಹುದು. ಕೇಳದೆ ಇದನ್ನು ಯಾರೂ ಹೇಳುವುದಿಲ್ಲ.

ಮೂರನೆಯದರಲ್ಲಿ ದಾಖಲೆಯಲ್ಲಿರುವುದು ಒಬ್ಬನ ಹೆಸರು ಮಾತ್ರ. ಅವನು ತನ್ನ ಪರಿಚಯದವರಿಂದ ಹಣ ಸೇರಿಸಿ, ‘ನೀನೂ ಪಾಲುದಾರ’ ಎಂದು ಹೇಳಿರುತ್ತಾನೆ. ಬಿಳಿ ಹಾಳೆಯಲ್ಲೊಂದು ಬರಹ, ಹೆಚ್ಚೆಂದರೆ ಸ್ಟಾಂಪ್ ಪೇಪರ್. ಕ್ಲಬ್ಬಿಗೆ ನೀವು ಯಾರೆಂದೇ ಗೊತ್ತಿಲ್ಲ. ಬಹುಮಾನದ ಹಣ ಹೋಗುವುದು ಅವನ ಖಾತೆಗೆ. ಅವನು ಸತ್ತರೆ, ಸಾಲದಲ್ಲಿ ಮುಳುಗಿದರೆ, ಮನಸ್ಸು ಬದಲಾಯಿಸಿದರೆ ಕುದುರೆ ನನ್ನದೂ ಹೌದು ಎಂದು ನೀವು ಸಾಬೀತು ಮಾಡಬೇಕಾದದ್ದು ಕೋರ್ಟಿನಲ್ಲಿ. ಸ್ನೇಹದ ಮೇಲೆ ನಡೆಯುವ ವ್ಯವಹಾರಗಳಲ್ಲಿ ಹೆಚ್ಚಿನವು ಈ ಬಗೆಯವು. ಇಂಥದಕ್ಕೆ ಹಣ ಹಾಕಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ನೇಹಿತ ಒಳ್ಳೆಯವನೇ ಆಗಿದ್ದರೆ ನಿಮ್ಮ ಹೆಸರನ್ನು ದಾಖಲೆಗೆ ಸೇರಿಸಲು ಅವನಿಗೇನೂ ಅಡ್ಡಿ ಇರಬಾರದು.

ನಾಲ್ಕನೆಯದು ಕಂಪನಿ ಅಥವಾ ಆ್ಯಪ್ ಮೂಲಕ ಮಾರುವ ಚೂರು ಪಾಲು. ಅಮೆರಿಕದಲ್ಲಿ ಇದು ದೊಡ್ಡದಾಗಿ ಬೆಳೆದಿದೆ. 2020ರಲ್ಲಿ ಕೆಂಟಕಿ ಡರ್ಬಿ ಗೆದ್ದ ‘ಅಥೆಂಟಿಕ್’ ಎಂಬ ಕುದುರೆಗೆ ಇಂಥ 5,000ಕ್ಕೂ ಹೆಚ್ಚು ಮಾಲೀಕರಿದ್ದರು, ಪಾಲೊಂದಕ್ಕೆ 206 ಡಾಲರ್. ಅಷ್ಟೂ ಜನ ಸೇರಿ ಹೊಂದಿದ್ದು ಕುದುರೆಯ ಎಂಟನೇ ಒಂದು ಭಾಗವನ್ನು ಮಾತ್ರ. ಜಗತ್ತಿನ ಅತಿ ದೊಡ್ಡ ರೇಸುಗಳಲ್ಲೊಂದನ್ನು ಗೆದ್ದರೂ ಒಬ್ಬೊಬ್ಬರ ಕೈಗೆ ಬಂದದ್ದು ಎಷ್ಟಿರಬಹುದೆಂದು ಇದರಿಂದಲೇ ಊಹಿಸಬಹುದು. ಅವರಲ್ಲಿ ಹೆಚ್ಚಿನವರು ಕೊಂಡದ್ದು ಸಂತೋಷವನ್ನು, ಅದು ಅವರಿಗೆ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಕುದುರೆಯ ಪಾಲನ್ನು ಸಾರ್ವಜನಿಕರಿಗೆ ಮಾರುವವರು ಹಣಕಾಸು ಸೇವೆಯ ಪರವಾನಗಿಯ ಅಡಿಯಲ್ಲಿ, ಖರ್ಚು ಮತ್ತು ಅಪಾಯಗಳನ್ನೆಲ್ಲ ಬರೆದ ದಾಖಲೆ ಕೊಟ್ಟೇ ಮಾರಬೇಕು. ಅಲ್ಲಿನ ‘ಬ್ಲಾಕ್ ಕೇವಿಯರ್’ ಕುದುರೆಯನ್ನು ಸ್ನೇಹಿತರ ಗುಂಪೊಂದು 2,10,000 ಆಸ್ಟ್ರೇಲಿಯನ್ ಡಾಲರಿಗೆ ಕೊಂಡಿತ್ತು. ಅದು ಓಡಿದ್ದು 25 ಸಲ, ಗೆದ್ದದ್ದು 25 ಸಲ. ಪಾಲು ಮಾರುವವರು ಜಗತ್ತಿನ ಎಲ್ಲೆಡೆ ಈ ಹೆಸರುಗಳನ್ನು ಹೇಳುತ್ತಾರೆ. ಅದೇ ವರ್ಷ ಅದೇ ಹರಾಜಿನಲ್ಲಿ ಮಾರಾಟವಾದ ಉಳಿದ ನೂರಾರು ಮರಿಗಳ ಹೆಸರನ್ನು ಯಾರೂ ಹೇಳುವುದಿಲ್ಲ.

ತಿಂಗಳ ಬಿಲ್ಲು

ಕುದುರೆಯ ಬೆಲೆ ಒಂದು ಸಲ ಕೊಡುವಂಥದ್ದು. ಪಾಲುದಾರರನ್ನು ಹಣ್ಣುಮಾಡುವುದು ತಿಂಗಳ ಬಿಲ್ಲು. ಅದರಲ್ಲಿ ಏನೇನಿರುತ್ತದೆ ಎಂದು ಬಿಡಿಸಿ ನೋಡೋಣ.

ಮೊದಲನೆಯದು ಟ್ರೈನರ್ ಶುಲ್ಕ. ರೇಸ್ ಕುದುರೆಯನ್ನು ಮನೆಯ ಹಿತ್ತಲಿನಲ್ಲಿ ಕಟ್ಟಿಕೊಳ್ಳುವಂತಿಲ್ಲ. ಕ್ಲಬ್ಬಿನಿಂದ ಲೈಸೆನ್ಸ್ ಪಡೆದ ಟ್ರೈನರ್ ಕೈಯಲ್ಲೇ, ಅವರ ಲಾಯದಲ್ಲೇ ಇರಬೇಕು. ಓಟ್ಸ್, ಬೂಸಾ, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು, ಮೈ ಉಜ್ಜಿ ನೋಡಿಕೊಳ್ಳುವ ಸೈಸ್, ಬೆಳಗಿನ ಜಾವ ಟ್ರ್ಯಾಕಿನಲ್ಲಿ ಓಡಿಸುವ ಸವಾರನ ಕೂಲಿ ಎಲ್ಲವೂ ಇದರೊಳಗೆ ಬರುತ್ತವೆ ಎಂದು ಕೆಲವರು ಹೇಳುತ್ತಾರೆ. ಕೆಲವರು ಒಂದೊಂದನ್ನೂ ಬೇರೆ ಬೇರೆ ಬರೆಯುತ್ತಾರೆ. ಯಾವುದು ಒಳಗೆ, ಯಾವುದು ಹೊರಗೆ ಎಂದು ಮೊದಲೇ ಬರೆಸಿಕೊಳ್ಳಿ. ಆಮೇಲೆ ಲಾಳ. ಓಡುವ ಕುದುರೆಗೆ ಕೆಲವು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹೊಸ ಲಾಳ ಹೊಡೆಯಬೇಕು. ಪಶುವೈದ್ಯರು, ರಕ್ತಪರೀಕ್ಷೆ, ಎಕ್ಸ್‌ರೇ, ಔಷಧಿ. ರೇಸಿಗೆ ಹೆಸರು ಕೊಡುವ ಶುಲ್ಕ, ಗೆದ್ದರೂ ಸೋತರೂ ಕೊಡಬೇಕಾದ ಜಾಕಿಯ ಸವಾರಿ ಶುಲ್ಕ. ಮೈಸೂರಿಗೋ ಹೈದರಾಬಾದಿಗೋ ಕಳಿಸಿದರೆ ಲಾರಿ ಬಾಡಿಗೆ. ಬೆಂಗಳೂರಿನಲ್ಲಿ ಬೇಸಿಗೆ, ಚಳಿಗಾಲ ಎಂದು ಎರಡು ರೇಸ್ ಋತುಗಳು. ನಡುವಿನ ತಿಂಗಳುಗಳಲ್ಲಿ ಬಹುಮಾನವಿಲ್ಲ, ಬಿಲ್ಲು ಮಾತ್ರ ಬರುತ್ತಲೇ ಇರುತ್ತದೆ.

ಒಂದು ಲೆಕ್ಕ ಹಾಕೋಣ. ಇದು ತಿಳಿಯಲೆಂದು ಹಾಕಿಕೊಂಡ ಅಂಕಿ, ಮಾರುಕಟ್ಟೆ ದರವಲ್ಲ. ಕುದುರೆಯ ಬೆಲೆ 8 ಲಕ್ಷ ರೂಪಾಯಿ, ಪಾಲುದಾರರು ಹತ್ತು ಜನ, ಎಲ್ಲ ಸೇರಿ ತಿಂಗಳ ಖರ್ಚು 50,000. ಒಬ್ಬರ ಪಾಲಿಗೆ ಮೊದಲು 80,000, ಆಮೇಲೆ ತಿಂಗಳಿಗೆ 5,000. ವರ್ಷಕ್ಕೆ 60,000 ಆಯಿತು, ಮೂರು ವರ್ಷಕ್ಕೆ 1 ಲಕ್ಷ 80 ಸಾವಿರ. ಪಾಲಿಗೆ ಕೊಟ್ಟ 80,000 ಸೇರಿಸಿದರೆ 2 ಲಕ್ಷ 60 ಸಾವಿರ. ‘ಎಂಬತ್ತು ಸಾವಿರಕ್ಕೆ ಕುದುರೆ’ ಎಂದು ಕೇಳಿದ್ದು ಇಲ್ಲಿಗೆ ಬಂದು ನಿಂತಿತು. ಕುದುರೆಯ ಒಟ್ಟು ಲೆಕ್ಕದಲ್ಲಿ ಅದು 26 ಲಕ್ಷ. ಗೆದ್ದ ಹಣದಲ್ಲಿ ಟ್ರೈನರ್, ಜಾಕಿ, ಲಾಯದವರಿಗೆ ಶೇಕಡಾವಾರು ಭಾಗ ಹೋಗುತ್ತದೆ. ಅದು ಒಟ್ಟು ಶೇ 20 ಎಂದಿಟ್ಟುಕೊಂಡರೆ, ಹಾಕಿದ ಹಣ ಹಾಕಿದಷ್ಟೇ ವಾಪಸಾಗಲು ಕುದುರೆ ಮೂರು ವರ್ಷದಲ್ಲಿ 32 ಲಕ್ಷ 50 ಸಾವಿರ ರೂಪಾಯಿಯ ಬಹುಮಾನ ಗೆಲ್ಲಬೇಕು. ಒಂದು ರೂಪಾಯಿ ಲಾಭವೂ ಇದರಲ್ಲಿ ಸೇರಿಲ್ಲ.

ಈ ಅಂಕಿಗಳನ್ನು ಅಳಿಸಿ, ನಿಮಗೆ ಹೇಳಿದ ನಿಜವಾದ ಅಂಕಿಗಳನ್ನು ಬರೆದು ಮತ್ತೆ ಲೆಕ್ಕ ಹಾಕಿ. ಆಮೇಲೆ ರೇಸ್ ಪುಸ್ತಕ ತೆಗೆದು, ನಿಮ್ಮ ಕುದುರೆ ಓಡಬಹುದಾದ ದರ್ಜೆಯ ರೇಸಿಗೆ ಮೊದಲ ಬಹುಮಾನ ಎಷ್ಟಿದೆ ನೋಡಿ. ಡರ್ಬಿಯ ಮೊತ್ತ ನೋಡಬೇಡಿ, ಡರ್ಬಿ ಓಡುವ ಕುದುರೆಗಳು ಬೆರಳೆಣಿಕೆಯಷ್ಟು. ಕೆಳದರ್ಜೆಯ ಹ್ಯಾಂಡಿಕ್ಯಾಪ್ ರೇಸಿನ ಮೊತ್ತ ನೋಡಿ. ಗೆಲ್ಲುತ್ತಾ ಹೋದರೆ ಬಹುಮಾನ ಬರುತ್ತಲೇ ಇರುತ್ತದಲ್ಲ ಎನ್ನಿಸಬಹುದು. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ರೇಟಿಂಗ್ ಏರಿದಂತೆ ಹೊರುವ ಭಾರ ಹೆಚ್ಚುತ್ತದೆ ಅಥವಾ ಮೇಲಿನ ದರ್ಜೆಯ ಕುದುರೆಗಳ ಜೊತೆ ಓಡಬೇಕಾಗುತ್ತದೆ. ಎಲ್ಲ ಕುದುರೆಗಳಿಗೂ ಅವಕಾಶ ಸಮನಾಗಲಿ ಎಂದೇ ಆ ವ್ಯವಸ್ಥೆ. ಪಾಲುದಾರನ ಲೆಕ್ಕಕ್ಕೆ ಮಾತ್ರ ಅದು ಅನುಕೂಲವಲ್ಲ.

ಕುದುರೆಯ ಬೆಲೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಸಂಘಟಕ 5 ಲಕ್ಷಕ್ಕೆ ಕೊಂಡ ಕುದುರೆಯನ್ನು ಲಕ್ಷಕ್ಕೊಂದರಂತೆ ಹತ್ತು ಪಾಲು ಮಾಡಿ ಮಾರಬಹುದು. ಅವನ ಲಾಭ ಮೊದಲ ದಿನವೇ ಅವನ ಜೇಬಿನಲ್ಲಿ. ಕುದುರೆ ಓಡಲಿ ಬಿಡಲಿ, ಅವನಿಗೆ ಚಿಂತೆಯಿಲ್ಲ. ಹಾಗಾಗಿ ಸ್ಟಡ್ ಫಾರ್ಮ್ ಕೊಟ್ಟ ಮೂಲ ಬಿಲ್ಲನ್ನು ತೋರಿಸಲು ಕೇಳಿ. ಸಂಘಟಕ ತಾನೂ ಎಷ್ಟು ಪಾಲು ಇಟ್ಟುಕೊಂಡಿದ್ದಾನೆ, ಅದಕ್ಕೆ ತಾನೂ ತಿಂಗಳ ಖರ್ಚು ಕೊಡುತ್ತಾನೆಯೇ ಎಂದೂ ಕೇಳಿ. ಕೇಳಲು ಸಂಕೋಚ ಬೇಡ. ಒಂದು ಪೆಟ್ಟಿಗೆ ಸೇಬು ಕೊಳ್ಳುವಾಗ ಕೆಳಗಿನ ಸಾಲನ್ನೂ ತೆಗೆದು ನೋಡುವವರು ನಾವು.

ಕುದುರೆಯನ್ನೇ ನೋಡಿ

ಎಷ್ಟೋ ಜನ ಪಾಲುದಾರರು ಕುದುರೆಯನ್ನು ಮೊದಲು ನೋಡುವುದು ಮೊಬೈಲಿನಲ್ಲಿ. ಹಣ ಕೊಡುವ ಮೊದಲು ಲಾಯಕ್ಕೆ ಹೋಗಬೇಕು, ಜೊತೆಗೆ ಅದರ ಪಾಸ್‌ಪೋರ್ಟ್ ನೋಡಬೇಕು. ಹೌದು, ರೇಸ್ ಕುದುರೆಗೆ ಪಾಸ್‌ಪೋರ್ಟ್ ಇರುತ್ತದೆ. ತಂದೆ, ತಾಯಿ, ಹುಟ್ಟಿದ ದಿನ, ಬಣ್ಣ ಎಲ್ಲ ಬರೆದು, ಕುದುರೆಯ ರೇಖಾಚಿತ್ರದ ಮೇಲೆ ಹಣೆಯ ಬಿಳಿ ಮಚ್ಚೆ ಎಲ್ಲಿದೆ, ಯಾವ ಕಾಲಿಗೆ ಬಿಳಿ ಎಲ್ಲಿಯವರೆಗೆ ಇದೆ, ಸುಳಿ ಎಲ್ಲೆಲ್ಲಿವೆ ಎಂದು ಗುರುತು ಹಾಕಿರುತ್ತಾರೆ. ನಮ್ಮ ಹಿರಿಯರು ಕುದುರೆ, ಎತ್ತು ಕೊಳ್ಳುವಾಗ ಸುಳಿ ನೋಡುತ್ತಿದ್ದದ್ದು ಶುಭ ಅಶುಭಕ್ಕೆ. ಇಲ್ಲಿ ಸುಳಿ ಗುರುತಿಗೆ, ಒಂದರ ಸುಳಿಗಳು ಇನ್ನೊಂದರಂತೆ ಇರುವುದಿಲ್ಲವೆಂಬ ಕಾರಣಕ್ಕೆ. ಚಿತ್ರವನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತ ಕುದುರೆಯ ಹಣೆ, ಕುತ್ತಿಗೆ, ಕಾಲು ಹೋಲಿಸಿ ನೋಡಲು ಐದು ನಿಮಿಷ ಸಾಕು. ಮೈಕ್ರೋಚಿಪ್ ಸಂಖ್ಯೆಯನ್ನೂ ಕೇಳಿ. ಭಾರತದ ಥರೋಬ್ರೆಡ್ ಕುದುರೆಗಳ ವಂಶಾವಳಿಯನ್ನು ನೋಡಿಕೊಳ್ಳುವ ಸ್ಟಡ್ ಬುಕ್ ಪ್ರಾಧಿಕಾರ ಪುಣೆಯಲ್ಲಿದೆ. ಅದರಲ್ಲಿ ದಾಖಲಾಗದ ಕುದುರೆ ಮಾನ್ಯತೆ ಪಡೆದ ಕ್ಲಬ್ಬಿನ ರೇಸಿನಲ್ಲಿ ಓಡುವುದಿಲ್ಲ.

ವಯಸ್ಸಿನ ಲೆಕ್ಕವೂ ತಿಳಿದಿರಲಿ. ಭಾರತದಲ್ಲಿ ರೇಸ್ ಕುದುರೆಗಳೆಲ್ಲ ಜನವರಿ 1ಕ್ಕೆ ಒಂದು ವರ್ಷ ದೊಡ್ಡವಾದಂತೆ ಲೆಕ್ಕ. ಎರಡು ವರ್ಷಕ್ಕೆ ಓಟ ಶುರು. ಡರ್ಬಿಯಂಥ ಕ್ಲಾಸಿಕ್ ರೇಸುಗಳನ್ನು ಓಡುವ ವಯಸ್ಸು ಮೂರರಿಂದ ನಾಲ್ಕು. ಒಂದು ವರ್ಷದ ಮರಿಯಲ್ಲಿ ಪಾಲು ಕೊಂಡರೆ ಅದು ಮೊದಲ ರೇಸು ಓಡುವವರೆಗಿನ ಖರ್ಚೆಲ್ಲ ಆದಾಯವಿಲ್ಲದ ಖರ್ಚು. ಈಗಾಗಲೇ ಓಡುತ್ತಿರುವ ಕುದುರೆಯಾದರೆ ಅದರ ಹಿಂದಿನ ಓಟಗಳ ದಾಖಲೆ ಸಿಗುತ್ತದೆ, ಕಣ್ಣೆದುರಿನ ಸತ್ಯದ ಮೇಲೆ ತೀರ್ಮಾನಿಸಬಹುದು. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ.

ನಿಮ್ಮದೇ ಪಶುವೈದ್ಯರಿಂದ ತಪಾಸಣೆ ಮಾಡಿಸಿ, ಮಾರುವವರ ವೈದ್ಯರಿಂದಲ್ಲ. ಅರ್ಧ ಟನ್ನಿನ ಮೈಯನ್ನು ಹೊತ್ತು ಓಡುವ ಆ ಸಣ್ಣ ಕಾಲುಗಳಲ್ಲಿ ಮುಂಗಾಲಿನ ಹಿಂಬದಿಯ ಟೆಂಡನ್ ಬಹಳ ನಾಜೂಕು. ಅದು ಒಮ್ಮೆ ಹರಿದರೆ ತಿಂಗಳುಗಟ್ಟಲೆ ವಿಶ್ರಾಂತಿ, ಆಮೇಲೆಯೂ ಹಳೆಯ ವೇಗ ಬರುವುದು ಅನುಮಾನ. ಓಟದ ರಭಸಕ್ಕೆ ಶ್ವಾಸಕೋಶದಿಂದ ರಕ್ತ ಬಂದು ಮೂಗಿನಲ್ಲಿ ಇಳಿಯುವ ತೊಂದರೆಯೂ ಇದೆ. ಹಾಗಾದ ಕುದುರೆಯನ್ನು ಸ್ವಲ್ಪ ಕಾಲ ಓಡಿಸುವಂತಿಲ್ಲ, ಮತ್ತೆ ಮತ್ತೆ ಆದರೆ ಓಟವೇ ಬಂದ್. ಹೊಟ್ಟೆಶೂಲೆ ಬಂದರೆ ಒಂದು ರಾತ್ರಿಯಲ್ಲಿ ಕುದುರೆ ಸಾಯಬಹುದು. ವಿಮೆ ಮಾಡಿಸಿದ್ದೀರಾ ಎಂದು ಕೇಳಿದಾಗ ‘ಮಾಡಿಸಿದ್ದೇವೆ’ ಎಂಬ ಉತ್ತರಕ್ಕೆ ನಿಲ್ಲಬೇಡಿ. ಸಾಮಾನ್ಯವಾಗಿ ಅದು ಸಾವಿಗೆ ಇರುವ ವಿಮೆ. ಕುಂಟುತನಕ್ಕೆ, ವೇಗ ಕಡಿಮೆಯಾದದ್ದಕ್ಕೆ ಅದು ಹಣ ಕೊಡುವುದಿಲ್ಲ. ಪಾಲುದಾರರ ನಷ್ಟದಲ್ಲಿ ಹೆಚ್ಚಿನದು ಸಾವಿನಿಂದ ಆಗುವುದಲ್ಲ. ಬದುಕಿದ್ದೂ ಗೆಲ್ಲದ ಕುದುರೆಯಿಂದ ಆಗುವಂಥದ್ದು.

ಕುದುರೆ ಚೆನ್ನಾಗಿದ್ದರೂ

ಬೆಂಗಳೂರಿನ ಪಾಲುದಾರನ ಕೈಯಲ್ಲಿಲ್ಲದ ಇನ್ನೂ ಕೆಲವು ಸಂಗತಿಗಳಿವೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ದೇಶದ ರೇಸುಗಳೆಲ್ಲ ನಿಂತವು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ರೇಸಿಗೆ ಪರವಾನಗಿ ನಿರಾಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ಮಧ್ಯಂತರ ಅನುಮತಿ ಕೊಟ್ಟರೂ ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. 2025ರಲ್ಲಿ ಶಿವಾಜಿನಗರದ ಪಕ್ಕದಲ್ಲೇ, ಡಿ.ಜೆ. ಹಳ್ಳಿಯಲ್ಲಿ ಕುದುರೆಯೊಂದಕ್ಕೆ ಗ್ಲ್ಯಾಂಡರ್ಸ್ ರೋಗ ಪತ್ತೆಯಾಗಿ, ಸುತ್ತಲ 5 ಕಿ.ಮೀ. ಪ್ರದೇಶವನ್ನು ರೋಗಪೀಡಿತ ವಲಯವೆಂದು ಘೋಷಿಸಿ ಕುದುರೆ, ಕತ್ತೆ, ಹೇಸರಗತ್ತೆಗಳ ಸಾಗಾಟ ತಡೆದರು. ಮನುಷ್ಯರಿಗೂ ಹರಡಬಲ್ಲ, ಕುದುರೆಗೆ ಚಿಕಿತ್ಸೆಯ ಬದಲು ದಯಾಮರಣವೇ ವಿಧಿಯಾಗಿರುವ ಕಾಯಿಲೆ ಅದು. ಎಲ್ಲೋ ಒಂದು ಕುದುರೆಗೆ ಬಂದ ರೋಗಕ್ಕೂ ನಮ್ಮ ರೇಸ್ ಕುದುರೆಗೂ ಸಂಬಂಧವಿಲ್ಲ ಎಂದುಕೊಳ್ಳುವಂತಿಲ್ಲ.

ರೇಸ್‌ಕೋರ್ಸಿನ ನೆಲದ ವಿವಾದವೂ ಹಾಗೇ ಇದೆ. ಬೆಂಗಳೂರಿನ ಜಾಗದ ಗುತ್ತಿಗೆ 2009ರ ಕೊನೆಗೆ ಮುಗಿದಾಗ ಎದ್ದ ಸ್ಥಳಾಂತರದ ಮಾತು ಇನ್ನೂ ತಣ್ಣಗಾಗಿಲ್ಲ. 2024ರಲ್ಲಿ ತಮಿಳುನಾಡು ಸರ್ಕಾರ ಊಟಿಯ ರೇಸ್‌ಕೋರ್ಸ್ ಜಾಗವನ್ನು ವಶಕ್ಕೆ ತೆಗೆದುಕೊಂಡಿತು, ಚೆನ್ನೈನ ಗಿಂಡಿ ರೇಸ್‌ಕೋರ್ಸಿಗೂ ಬೀಗ ಬಿತ್ತು. ಇನ್ನು ಬಹುಮಾನದ ಹಣದ ಮೂಲ: ಕ್ಲಬ್ಬಿಗೆ ಬಾಜಿಯಿಂದ ಬರುವ ಕಮಿಷನ್. ಬಾಜಿಯ ಮೇಲೆ 2017ರಿಂದ ಶೇ 28ರಷ್ಟಿದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ತೆರಿಗೆ ಹೆಚ್ಚಾದಷ್ಟೂ ಬಾಜಿ ಕಟ್ಟುವವರು ಕಳ್ಳ ಬುಕ್ಕಿಗಳ ಕಡೆ ಹೋಗುತ್ತಾರೆ ಎಂಬುದು ಕ್ಲಬ್ಬುಗಳ ದೂರು. ಕ್ಲಬ್ಬಿನ ಆದಾಯ ಕುಗ್ಗಿದರೆ ಬಹುಮಾನವೂ ಕುಗ್ಗುತ್ತದೆ. ನೀವು ಒಂದು ಸಲವೂ ಬಾಜಿ ಕಟ್ಟದಿದ್ದರೂ ನಿಮ್ಮ ಕುದುರೆಯ ಗಳಿಕೆ ಬಾಜಿಯ ಹಣದ ಮೇಲೆಯೇ ನಿಂತಿದೆ. ಧರ್ಮದ ಕಾರಣಕ್ಕೆ ಜೂಜಿನಿಂದ ದೂರವಿರುವವರು ಇದನ್ನು ಮೊದಲೇ ತಿಳಿದು ನಿರ್ಧರಿಸಬೇಕು.

‘ತಿಂಗಳಿಗೆ ಇಂತಿಷ್ಟು’ ಎಂದರೆ

ಶಿವಾಜಿನಗರದ ಓದುಗರಿಗೆ ಮುಖ್ಯವಾಗಿ ಹೇಳಬೇಕಾದ ಮಾತು ಇದು. ಮಾರುಕಟ್ಟೆಯ ಹತ್ತಿರದಲ್ಲೇ, ಲೇಡಿ ಕರ್ಜನ್ ರಸ್ತೆಯಲ್ಲಿ, ಜನರಿಂದ ಹೂಡಿಕೆ ಸಂಗ್ರಹಿಸುತ್ತಿದ್ದ ಐಎಂಎ ಸಂಸ್ಥೆಯ ಕಚೇರಿ ಇತ್ತು. 2006ರಲ್ಲಿ ಶುರುವಾದ ಆ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ಆ ಬೀದಿಗೆ ಬಂದು ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದು, ಗಲ್ಫ್‌ನಲ್ಲಿ ದುಡಿದು ಕಳಿಸಿದ್ದು, ಮನೆ ಮಾರಿ ಬಂದದ್ದು ಎಲ್ಲ ಅದರಲ್ಲಿತ್ತು. ಬಡ್ಡಿ ಬೇಡ ಎನ್ನುವ ಜನರಿಗೆ ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದ ಪಾಲು ಎಂದು ನಂಬಿಸಲಾಗಿತ್ತು. ಕಾಗದದಲ್ಲಿ ಅವರು ಠೇವಣಿದಾರರಾಗಿರಲಿಲ್ಲ, ಪಾಲುದಾರರಾಗಿದ್ದರು. ಆ ಕಾಗದವೇ ಮುಂದೆ ಅವರಿಗೆ ತೊಡಕಾಯಿತು.

ಅದಕ್ಕೇ ಹೇಳುವುದು: ಕುದುರೆಯ ಹೆಸರಿನಲ್ಲಿ ಯಾರಾದರೂ ತಿಂಗಳಿಗೆ ಇಂತಿಷ್ಟು ಕೊಡುತ್ತೇನೆ, ವರ್ಷಕ್ಕೆ ಶೇಕಡಾ ಇಷ್ಟು ಖಚಿತ, ಬೇಡವೆಂದಾಗ ಅಸಲು ವಾಪಸ್ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ ಎದ್ದು ಬನ್ನಿ. ಕುದುರೆ ತಿಂಗಳು ತಿಂಗಳೂ ಗೆಲ್ಲುವುದಿಲ್ಲ. ನಿಶ್ಚಿತ ಆದಾಯ ಬರುತ್ತಿದ್ದರೆ ಅದು ಇನ್ನೊಬ್ಬ ಪಾಲುದಾರನ ಹಣ. ತಮಿಳುನಾಡಿನಲ್ಲಿ ಎಮು ಪಕ್ಷಿಯ ಹೆಸರಿನಲ್ಲಿ ಇದೇ ರೀತಿ ಆಸೆ ತೋರಿಸಿದ ಯೋಜನೆಗಳು 2012ರಲ್ಲಿ ಮುಳುಗಿದವು. ಹಲವರ ಹಣವನ್ನು ಒಟ್ಟುಗೂಡಿಸಿ, ನಿರ್ವಹಣೆಯನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡು ಲಾಭ ಹಂಚುತ್ತೇನೆ ಎನ್ನುವ ಯೋಜನೆ ಸೆಬಿಯ ಸಾಮೂಹಿಕ ಹೂಡಿಕೆ ನಿಯಮಗಳಡಿ ಬರಬಹುದು. ಬಂದರೆ ನೋಂದಣಿ ಕಡ್ಡಾಯ. ಸೆಬಿ ನೋಂದಣಿ ಇದೆಯೇ ಎಂಬುದು ಅದರ ಜಾಲತಾಣದಲ್ಲೇ ತಿಳಿಯುತ್ತದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಠೇವಣಿದಾರರ ರಕ್ಷಣೆಗೆ ಕರ್ನಾಟಕದ 2004ರ ಕಾಯ್ದೆಯೂ ಇದೆ. ಕಾನೂನು ಇದ್ದರೂ ಹಣ ವಾಪಸಾಗಲು ಎಷ್ಟು ವರ್ಷ ಬೇಕೆಂಬುದನ್ನು ಐಎಂಎಯಲ್ಲಿ ಹಣ ಹಾಕಿದವರನ್ನು ಕೇಳಬೇಕು.

ತೆರಿಗೆ, ಕಾಗದಪತ್ರ

ತೆರಿಗೆಯ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯ. ಬಾಜಿಯಲ್ಲಿ ಗೆದ್ದ ಹಣಕ್ಕೆ ಶೇ 30ರ ನೇರ ತೆರಿಗೆ. ಮಾಲೀಕನಿಗೆ ಬರುವ ಬಹುಮಾನದ ಹಣ ಅದರಲ್ಲಿ ಸೇರುವುದಿಲ್ಲ, ಅದು ನಿಮ್ಮ ಉಳಿದ ಆದಾಯದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಆದರೆ ಕುದುರೆ ಸಾಕಿದ ನಷ್ಟವನ್ನು ನಿಮ್ಮ ಅಂಗಡಿಯ ಲಾಭದಲ್ಲಿ ಕಳೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 74ಎ ಕಲಂ ಪ್ರಕಾರ ಅದನ್ನು ರೇಸ್ ಕುದುರೆಯ ಆದಾಯದಲ್ಲಿ ಮಾತ್ರ ಕಳೆಯಬಹುದು, ಮುಂದಿನ ನಾಲ್ಕು ವರ್ಷದವರೆಗೆ ಒಯ್ಯಬಹುದು, ಅದೂ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿದ್ದರೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯಾದ್ದರಿಂದ ಕಲಮಿನ ಸಂಖ್ಯೆ ಬೇರೆ, ನಿಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ. ‘ಟ್ಯಾಕ್ಸ್ ಉಳಿಸಲು ಕುದುರೆ ತಗೊಳ್ಳಿ’ ಎಂಬ ಮಾತು ನಂಬಬೇಡಿ. ಗುಂಪಿನಲ್ಲಿ ಯಾರ ಪಾಲು ಎಷ್ಟೆಂದು ಬರಹದಲ್ಲಿ ನಿಗದಿಯಾಗದಿದ್ದರೆ ಇಡೀ ಆದಾಯಕ್ಕೆ ಗರಿಷ್ಠ ದರ ಬೀಳುವ ಅಪಾಯವೂ ಇದೆ. ಮಾರುಕಟ್ಟೆಯಲ್ಲಿ ನಗದಿನ ರೂಢಿ ಹೆಚ್ಚು. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಸಣ್ಣ ಮೊತ್ತವನ್ನೂ ಬ್ಯಾಂಕಿನ ಮೂಲಕವೇ ಕೊಡಿ. ಕೊನೆಗೆ ನಿಮ್ಮ ಬಳಿ ಉಳಿಯುವ ಸಾಕ್ಷಿ ಅದು.

ಸಾಮಾನ್ಯ ಪಾಲುದಾರಿಕೆಯಲ್ಲಿ, 1932ರ ಕಾಯ್ದೆಯಂತೆ, ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಪೂರ್ತಿ ಹೊಣೆ. ಹತ್ತರಲ್ಲೊಂದು ಪಾಲು ಎಂದು ಹತ್ತರಲ್ಲೊಂದೇ ಹೊಣೆ ಎಂದು ಭಾವಿಸಬೇಡಿ. ಒಪ್ಪಂದದಲ್ಲಿ ಜಗಳಕ್ಕೆ ಕಾರಣವಾಗುವ ವಿಷಯಗಳನ್ನು ಮೊದಲೇ ಬರೆಯಿಸಿ. ಟ್ರೈನರ್ ಬದಲಾಯಿಸುವ, ಕುದುರೆ ಮಾರುವ ತೀರ್ಮಾನ ಯಾರದು, ಎಷ್ಟು ಜನ ಒಪ್ಪಬೇಕು? ಒಬ್ಬ ಎರಡು ತಿಂಗಳು ಹಣ ಕೊಡದಿದ್ದರೆ ಅವನ ಪಾಲು ಏನಾಗುತ್ತದೆ? ಹೊರಹೋಗುವವನಿಗೆ ಬೆಲೆ ಕಟ್ಟುವುದು ಹೇಗೆ? ಇದರಲ್ಲಿ ಕೊನೆಯದು ಬಹಳ ಕಷ್ಟದ ಪ್ರಶ್ನೆ, ಏಕೆಂದರೆ ಸೋಲುತ್ತಿರುವ ಕುದುರೆಯ ಹತ್ತನೇ ಒಂದು ಪಾಲಿಗೆ ಗಿರಾಕಿಯೇ ಇರುವುದಿಲ್ಲ. ಬಹುಮಾನ ಬಂದ ಎಷ್ಟು ದಿನದೊಳಗೆ ಹಂಚಬೇಕು, ತಿಂಗಳ ಬಿಲ್ಲಿನ ಪ್ರತಿ ಎಲ್ಲರಿಗೂ ಬರುತ್ತದೆಯೇ ಎಂಬುದನ್ನೂ ಸೇರಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಪಾಲು ಕೊಳ್ಳುವವರು ಇರುತ್ತಾರೆ, ಇರಲಿ. ಬೆಳಗಿನ ಜಾವ ಟ್ರ್ಯಾಕಿನ ಬೇಲಿಗೆ ಒರಗಿ ನಿಂತು, ಉಗಿಯಾಡುವ ಮೈಯೊಂದಿಗೆ ಬರುವ ಕುದುರೆಯಲ್ಲಿ ನಮ್ಮದೂ ಒಂದಿಷ್ಟಿದೆ ಎನ್ನುವ ಹಿಗ್ಗು ಸಣ್ಣದಲ್ಲ. ಗೆದ್ದ ದಿನ ಲಗಾಮು ಹಿಡಿದು ಕುದುರೆಯನ್ನು ಒಳಗೆ ಕರೆತರುವ ಮಾಲೀಕರ ಸಾಲಿನಲ್ಲಿ ನಿಲ್ಲುವುದು ಬದುಕಿಡೀ ನೆನಪಿನಲ್ಲಿರುವಂಥದ್ದು. ಅದಕ್ಕೆ ಹಣ ಕೊಡುವುದು ತಪ್ಪಲ್ಲ. ಮೂರು ವರ್ಷದ ತಿಂಗಳ ಖರ್ಚನ್ನು ಮನೆಯ ಊಟ, ಮಕ್ಕಳ ಫೀಸು, ಅಂಗಡಿಯ ಬಂಡವಾಳ ಯಾವುದನ್ನೂ ಮುಟ್ಟದೆ ಕೊಡಬಲ್ಲವರು, ಆ ಹಣ ಬಾರದಿದ್ದರೂ ನಿದ್ದೆಗೆಡದವರು ಕೊಳ್ಳಬಹುದು. ಸಾಲ ಮಾಡಿ, ಒಡವೆ ಅಡವಿಟ್ಟು, ಚೀಟಿ ಎತ್ತಿ ಕೊಳ್ಳುವುದು ಮಾತ್ರ ಯಾರಿಗೂ ಬೇಡ.

ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಲೇಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಓಟ ಮುಗಿದ ಕುದುರೆಗೆ ಐದಾರು, ಹೆಚ್ಚೆಂದರೆ ಏಳೆಂಟು ವರ್ಷ ವಯಸ್ಸಾಗಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದು ಇಪ್ಪತ್ತೈದು ವರ್ಷ ಬದುಕಬಲ್ಲದು. ಪಾಲುದಾರರು ಹಲವರಿದ್ದಾಗ ‘ಯಾರೋ ನೋಡಿಕೊಳ್ಳುತ್ತಾರೆ’ ಎಂದುಕೊಂಡು ಕೊನೆಗೆ ಯಾರೂ ನೋಡಿಕೊಳ್ಳುವುದಿಲ್ಲ. ಕೈ ಬದಲಾಗುತ್ತಾ ಬದಲಾಗುತ್ತಾ ಅದು ಮದುವೆಯ ಸಾರೋಟಿಗೋ, ನೋಡುವವರಿಲ್ಲದ ಬೀದಿಗೋ ಸೇರಬಾರದು. ಸವಾರಿ ಶಾಲೆಗೆ ಕೊಡುತ್ತೀರೋ, ಫಾರ್ಮಿಗೆ ಕಳಿಸುತ್ತೀರೋ, ಅದಕ್ಕೆ ಯಾರು ಎಷ್ಟು ಹಣ ತೆಗೆದಿಡುತ್ತೀರೋ ಮೊದಲ ದಿನವೇ ಬರೆದು ಎಲ್ಲರೂ ಸಹಿ ಹಾಕಿ. ಆ ಸಾಲಿಗೆ ಸಹಿ ಹಾಕಲು ಹಿಂಜರಿಯುವ ಗುಂಪಿನಲ್ಲಿ ಪಾಲು ಕೊಳ್ಳಬೇಡಿ.